ಯುಗಾದಿಯ ಸಂಜೆಗೆ ಹಿಂದೋಳ ಹಾಕಬಹುದೇ?

ಯುಗಾದಿಯ ಸಂಜೆ ಮನೆಗೆ ಬರುವ ನೆಂಟರಿಗೆ ವಸಂತಕ್ಕೆ ಒಪ್ಪುವ ಸಂಗೀತ ಕೇಳಿಸಬೇಕು, ಹಿಂದೋಳ ರಾಗವಾದೀತೇ ಎಂದು ಕೇಳಿದ್ದೀರಿ. ಆ ಹೆಸರಿನಲ್ಲೇ ಒಂದು ತೊಡಕಿದೆ. ಹಿಂದೂಸ್ತಾನಿ ಗಾಯಕರು ವಸಂತದಲ್ಲಿ ಹಾಡುವ ಹಿಂಡೋಲ್ ಬೇರೆ, ಕರ್ನಾಟಕ ಸಂಗೀತದ ಹಿಂದೋಳ ಬೇರೆ. ನಮ್ಮ ಹಿಂದೋಳದ ಸ್ವರಗಳು ಅವರ ಮಾಲಕಂಸದವು. ಅದು ನಡುರಾತ್ರಿಯ ಗಂಭೀರ ರಾಗ. ಅವರ ಹಿಂಡೋಲ್ ಸ್ವರಗಳು ನಮ್ಮಲ್ಲಿ ಸಿಗುವುದು ಸುನಾದವಿನೋದಿನಿಯಲ್ಲಿ.

ನಾನಾಗಿದ್ದರೆ ಆ ಸಂಜೆಗೆ ಹಿಂದೂಸ್ತಾನಿಯ ವಸಂತದ ರಾಗ ಬಹಾರ್ ಆರಿಸುತ್ತೇನೆ. ಧಾರವಾಡದಲ್ಲಿ ಹಾಡಲು ಕಲಿಯುತ್ತಿದ್ದಾಗ ನಮ್ಮ ಗುರುಗಳು ಒಂದು ಮಧ್ಯಾಹ್ನವಿಡೀ ‘ಮ ನಿ ಧ ನಿ ಸಾ’ ಎಂಬ ಇಷ್ಟನ್ನೇ ಹಾಡಿಸಿದರು. ಅದರಲ್ಲಿ ಮೊದಲ ನಿಷಾದ, ಅಂದರೆ ‘ನಿ’, ಕೋಮಲ (ತುಸು ತಗ್ಗಿದ್ದು), ಎರಡನೆಯದು ಶುದ್ಧ. ನಡುವೆ ಧೈವತವನ್ನು, ಅಂದರೆ ‘ಧ’ವನ್ನು, ಮುಟ್ಟಿ ದಾಟಬೇಕು. ನನಗೆ ಎರಡೂ ಒಂದೇ ಆಗಿಬಿಡುತ್ತಿದ್ದವು. ಕಿಟಕಿಯಾಚೆ ಹೊಂಗೆಮರ ಎಳೆ ಹಸಿರಿನಿಂದ ಹೊಳೆಯುತ್ತಿತ್ತು, ಬಿಸಿಲು ಜೋರಾಗಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಆ ಎರಡು ನಿಷಾದಗಳು ಬೇರೆಬೇರೆಯಾಗಿ ಕೇಳಿಸಿದವು, ಮೈ ಜುಮ್ಮೆಂದಿತು. ಇಂದಿಗೂ ಹೊಂಗೆ ಚಿಗುರಿದ್ದು ಕಂಡರೆ ನನ್ನ ಬಾಯಿಗೆ ಅದೇ ಬರುತ್ತದೆ. ನೀವೂ ಕೇಳುವಾಗ ಆ ತಿರುವಿಗೆ ಕಿವಿಗೊಡಿ. ದ್ರುತ್ ಬಂದಿಶ್, ಅಂದರೆ ವೇಗದ ನಡೆಯ ರಚನೆ, ಆಯ್ದರೆ ಮಕ್ಕಳೂ ಕೂತು ಕೇಳುತ್ತಾರೆ.

ಶಾಸ್ತ್ರದ ಪ್ರಕಾರ ಬಹಾರ್ ರಾತ್ರಿಯದು, ಸಂಜೆ ಹಾಕಬಹುದೇ ಎಂದು ಬಲ್ಲವರು ಯಾರಾದರೂ ಕೇಳಬಹುದು. ಧಾರಾಳವಾಗಿ ಹಾಕಿ. ಋತುವಿನ ರಾಗಗಳನ್ನು ಆಯಾ ಋತುವಿನಲ್ಲಿ ಯಾವ ಹೊತ್ತಿಗಾದರೂ ಹಾಡುವ ರೂಢಿ ಮೊದಲಿನಿಂದಲೂ ಇದೆ.

ದೀಪ ಹಚ್ಚುವ ಹೊತ್ತಿಗೆ ಮಾತ್ರ ಕರ್ನಾಟಕ ಸಂಗೀತದ ವಸಂತ ರಾಗವೇ ಇರಲಿ. ಸಂಜೆಯೇ ಅದರ ಹೊತ್ತು. ಪಂಚಮ, ಅಂದರೆ ‘ಪ’ ಸ್ವರ, ಇಲ್ಲದ ರಾಗವಾದ್ದರಿಂದ ಅದಕ್ಕೊಂದು ಹಗುರವಾದ ನಡೆ ಇದೆ. ತ್ಯಾಗರಾಜರ ‘ಸೀತಮ್ಮ ಮಾಯಮ್ಮ’ ಈ ರಾಗದ್ದೇ. ಯುಗಾದಿಯ ಪಾಡ್ಯದಿಂದ ಒಂಬತ್ತನೆಯ ದಿನ ರಾಮನವಮಿ, ಹಾಗಾಗಿ ಸೀತೆಯನ್ನು ತಾಯಿ, ರಾಮನನ್ನು ತಂದೆ ಎಂದು ಕರೆಯುವ ಕೃತಿಗೆ ಅದಕ್ಕಿಂತ ಒಳ್ಳೆಯ ವೇಳೆ ಎಲ್ಲಿದೆ? ಹೆಸರು ಒಂದೇ ಆದರೂ ಇದು ಹಿಂದೂಸ್ತಾನಿಯ ಬಸಂತ್ ಅಲ್ಲ ಎಂಬುದು ನೆನಪಿರಲಿ.

ಬಸಂತ್ ಅನ್ನು ನೆಂಟರ ಗದ್ದಲದಲ್ಲಿ ದಯವಿಟ್ಟು ಹಾಕಬೇಡಿ. ಕೋಮಲ ರಿಷಭ (‘ರಿ’), ಕೋಮಲ ಧೈವತಗಳಿಂದಾಗಿ ಅದರಲ್ಲಿ ಹಂಬಲವೇ ಹೆಚ್ಚು. ತಾರಷಡ್ಜದಲ್ಲಿ, ಅಂದರೆ ಮೇಲಿನ ‘ಸಾ’ದಲ್ಲಿ, ನಿಂತು ನಿಧಾನವಾಗಿ ಕೆಳಗಿಳಿಯುವ ರಾಗ ಅದು. ಹೋಳಿಗೆ ಬಡಿಸುವ ಸದ್ದಿನಲ್ಲಿ ಕಳೆದುಹೋಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿರುವ ಬಸಂತಿ ಕೇದಾರದಲ್ಲಿ ಬಸಂತ್ ಮತ್ತು ಕೇದಾರ ಒಂದರೊಳಗೊಂದು ಹೆಣೆದುಕೊಂಡಿವೆ. ಅದನ್ನು ಮರುದಿನಕ್ಕೆ ಎತ್ತಿಡಿ. ಬಿದಿಗೆಯ ಚಂದ್ರನನ್ನು ನೋಡಲು ಮನೆಯವರೆಲ್ಲ ಮಾಳಿಗೆ ಹತ್ತುತ್ತೀರಲ್ಲ, ನೋಡಿದ ಮೇಲೆ ಕೆಳಗಿಳಿಯುವ ಅವಸರ ಮಾಡದೆ ಅಲ್ಲಿಯೇ ಚಾಪೆ ಹಾಸಿಕೊಂಡು ಕೇಳಿ.