ಪ್ರತಿಕ್ರಿಯೆ: ಹಳೆಯ ವೈನ್ ಸಪ್ಪೆಯಾಗಿ, ಕೊನೆಗೆ ಕಹಿಯಾಗಿ ಕಂಡದ್ದೇಕೆ?

ದಾವಣಗೆರೆಯ ಬೇಸಿಗೆಯಲ್ಲಿ ಗೆಳೆಯರೊಡನೆ ಹೋಲಿಸಿ ನೋಡಿದಾಗ ಹತ್ತು ವರ್ಷದ ಕೆಂಪು ವೈನ್ ಹೊಸದಕ್ಕಿಂತ ಸಪ್ಪೆಯಾಗಿ, ಕೊನೆಯ ಲೋಟದಲ್ಲಿ ಕಹಿಯಾಗಿ ಕಂಡದ್ದಕ್ಕೆ ಬಹುಶಃ ಕೋಣೆಯ ಸೆಕೆ ಮತ್ತು ಬಾಟಲಿಯ ತಳದ ಗಸಿ ಕಾರಣ. ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕೆಂಬ ಮಾತು ತಂಪು ದೇಶಗಳದ್ದು. 35 ಡಿಗ್ರಿ ದಾಟಿದ ನಮ್ಮ ಕೋಣೆಯಲ್ಲಿ ಮದ್ಯಸಾರದ ಘಾಟು ಮುಂದಾಗಿ, ಹಳೆಯ ವೈನಿನ ನವಿರಾದ ಪರಿಮಳ ಅಡಗಿಬಿಡುತ್ತದೆ.

ಮುಂದಿನ ಬಾರಿ ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ಎರಡನ್ನೂ ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿ, ನಿಲ್ಲಿಸಿಯೇ, ಇಟ್ಟು 16ರಿಂದ 18 ಡಿಗ್ರಿಗೆ ತನ್ನಿ. ಹೊಸದನ್ನು ಅರ್ಧ ಗಂಟೆ ಮೊದಲೇ ಜಗ್ಗಿಗೆ ಸುರಿದು ಗಾಳಿಯಾಡಲು ಬಿಡಿ. ಹಳೆಯದನ್ನು ಮಾತ್ರ ಕುಡಿಯುವ ಹೊತ್ತಿಗೆ ತೆರೆದು, ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು ನಿಧಾನವಾಗಿ ಬಗ್ಗಿಸುತ್ತಾ, ಗಸಿಯ ಕಪ್ಪು ಎಳೆ ಕಾಣಿಸಿದೊಡನೆ ಸುರಿಯುವುದನ್ನು ನಿಲ್ಲಿಸಿ. ಹೊಸದರ ಒಗರು ನಾಲಿಗೆಯನ್ನು ಹಿಡಿಯುವುದರಿಂದ ನಾನಂತೂ ಹಳೆಯದನ್ನೇ ಮೊದಲು ಕೊಡುತ್ತೇನೆ. ಮಿರ್ಚಿ ಮತ್ತು ಖಾರ ಮಂಡಕ್ಕಿ ಆಮೇಲೆ ಬರಲಿ (ಗೆಳೆಯರು ಗೊಣಗಿದರೂ ಸರಿಯೇ). ನಡುವೆ ಬರಿ ಮಂಡಕ್ಕಿ, ನೀರು ಸಾಕು.

ಇಷ್ಟಾದರೂ ಹಳೆಯದು ಬೇಯಿಸಿದ ಹಣ್ಣಿನ ವಾಸನೆ ಕೊಟ್ಟರೆ, ನೀವು ಅದನ್ನು ಅಟ್ಟದಲ್ಲಿ ಇಟ್ಟಿದ್ದರಿಂದ ಬಿಸಿಗೆ ಕೆಟ್ಟಿರಬಹುದು. ತೆರೆಯುವ ಮೊದಲು ಇದನ್ನು ಖಚಿತವಾಗಿ ಹೇಳಲಾಗದು. ಕಾರ್ಕು ಮೇಲೆದ್ದಿದ್ದರೆ ಅನುಮಾನಿಸಿ, ಬೇರೆ ಬಾಟಲಿಯೊಂದನ್ನು ಸಿದ್ಧವಾಗಿಟ್ಟುಕೊಳ್ಳಿ.