ಹಳೆಯ ಕೌನ್ಸಿಲ್‌ನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ

ನಮಸ್ಕಾರ. ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ 5 ವರ್ಷ, ಈಗಿನದರಲ್ಲಿ 6 ವರ್ಷ, ವಯಸ್ಸು 44, ಹುದ್ದೆ ರದ್ದಾಗಿ ಕೆಲಸ ಹೋದರೆ ಸಿಗುವ ಪರಿಹಾರ (ರಿಡಂಡೆನ್ಸಿ) 6 ವರ್ಷಕ್ಕೆ ಮಾತ್ರವಾ ಅಂತ ಕೇಳಿದ್ದೀರಿ. ನಡುವೆ ಬಿಡುವಿಲ್ಲದೆ ಸೇರಿದ್ದರೆ 11 ವರ್ಷವೂ ಲೆಕ್ಕಕ್ಕೆ ಬರುತ್ತದೆ. ಸ್ಥಳೀಯ ಸಂಸ್ಥೆಗಳ ನೌಕರರಿಗೆ ಅಂತಲೇ 1999ರಲ್ಲಿ ಬಂದ ಆದೇಶ ಇದೆ.

41 ತುಂಬಿದ ನಂತರದ 3 ವರ್ಷಕ್ಕೆ ತಲಾ ಒಂದೂವರೆ ವಾರದ ಸಂಬಳ, ಉಳಿದ 8ಕ್ಕೆ ತಲಾ ಒಂದು ವಾರ. ಒಟ್ಟು ಹನ್ನೆರಡೂವರೆ ವಾರ. ಇದು ಕನಿಷ್ಠ. ವಾರದ ಸಂಬಳಕ್ಕೆ ಕಾನೂನಿನಲ್ಲಿ ಮಿತಿ ಇದೆ, ಆದರೆ ಎಷ್ಟೋ ಕೌನ್ಸಿಲ್‌ಗಳು ನಿಜವಾದ ಸಂಬಳದ ಮೇಲೆ ಕೊಡುತ್ತವೆ. ನಿಮ್ಮ ಕೌನ್ಸಿಲ್‌ನ ನಿಯಮ ಓದಿ.

2011ರಲ್ಲಿ ಅನುದಾನ ಕಡಿತವಾದಾಗ ನನ್ನ ಕೆಲಸವೂ ಹೋಯಿತು. ಕೊಟ್ಟ ಪರಿಹಾರದ ಲೆಕ್ಕದ ಹಾಳೆಯಲ್ಲಿ ಸೇವೆ ಶುರುವಾದ ದಿನವೇ ತಪ್ಪಾಗಿತ್ತು! ಹಳೆಯ ನೇಮಕಾತಿ ಪತ್ರ, ಕೊನೆಯ ಪೇಸ್ಲಿಪ್ ತೋರಿಸಿದ ಮೇಲೆ ಸರಿ ಮಾಡಿದರು. ಅವೆರಡನ್ನೂ ಇವತ್ತೇ ಹುಡುಕಿಡಿ.

ಇನ್ನೊಂದು ವಿಷಯಕ್ಕೆ ನನಗೆ ಜಾಸ್ತಿ ಭಯ. ಕೆಲಸ ಮುಗಿಯುವ ಮೊದಲೇ ಬೇರೆ ಕೌನ್ಸಿಲ್‌ನ ಕೆಲಸ ಒಪ್ಪಿಕೊಂಡು, ನಾಲ್ಕು ವಾರದೊಳಗೆ ಸೇರಿದರೆ ಪರಿಹಾರ ಪೂರ್ತಿ ಕೈತಪ್ಪುತ್ತದೆ. ಹೊಸ ಕೆಲಸ ಖಂಡಿತ ಹುಡುಕಿ, ಆದರೆ ದಿನಾಂಕ ನೋಡಿ ಸಹಿ ಹಾಕಿ.

ಹಣ ಸಾಲದಾದಾಗ ಕೌನ್ಸಿಲ್ ಹೊರಡಿಸುವ ಸೆಕ್ಷನ್ 114 ನೋಟಿಸ್ ಅಂದರೆ ಹೊಸ ಖರ್ಚಿಗೆ ತಡೆ ಅಷ್ಟೇ. ಕಾನೂನಿನ ಪ್ರಕಾರ ನಿಮಗೆ ಬರಬೇಕಾದ ಹಣ ಅದರಿಂದ ನಿಲ್ಲುವುದಿಲ್ಲ. ಯೂನಿಯನ್ ಸದಸ್ಯರಾಗಿದ್ದರೆ ಮುಂದಿನ ಮೀಟಿಂಗಿಗೆ ಪ್ರತಿನಿಧಿಯನ್ನು ಕರೆದುಕೊಂಡೇ ಹೋಗಿ.