ದೃಶ್ಯ ಮತ್ತು ಮಾಧ್ಯಮ ಕಲೆಯ ಪದವಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಛಾಯಾಗ್ರಹಣ ಮತ್ತು ವಿಡಿಯೊ ಸಂಕಲನದಲ್ಲಿ ನನಗೆ ಆಸಕ್ತಿ. ದೃಶ್ಯ ಮತ್ತು ಮಾಧ್ಯಮ ಕಲೆಯ ಪದವಿಗೆ ಸೇರಬೇಕೆಂದಿದ್ದೇನೆ. ಆದರೆ ಚಿತ್ರ ಬರೆಯಲು ಅಷ್ಟಾಗಿ ಬರುವುದಿಲ್ಲ. ಮೊದಲ ವರ್ಷ ಬಹುಪಾಲು ರೇಖಾಚಿತ್ರ, ಬಣ್ಣ, ಕಾಗದದ ಕೆಲಸವೇ ಇರುತ್ತದೆ ಎಂದು ಕೇಳಿದ್ದೇನೆ. ಕ್ಯಾಮೆರಾ ಹಿಡಿಯುವವರಿಗೆ ಇದೆಲ್ಲ ಏಕೆ ಬೇಕು?

ಉತ್ತರ: ಈ ಒಂದು ಕಾರಣಕ್ಕೆ ನೀವು ಹಿಂಜರಿಯಬೇಕಾಗಿಲ್ಲ. ಮೊದಲ ವರ್ಷದ ರೇಖಾಚಿತ್ರದ ತರಗತಿಯಲ್ಲಿ ನಿಜವಾಗಿ ಕಲಿಸುವುದು ಅಂದವಾಗಿ ಬರೆಯುವುದನ್ನಲ್ಲ, ಎದುರಿಗಿರುವುದನ್ನು ಇದ್ದ ಹಾಗೆ ನೋಡುವುದನ್ನು. ಒಂದು ಕುರ್ಚಿಯನ್ನು ಮುಂದಿಟ್ಟು, ಕುರ್ಚಿಯನ್ನು ಬರೆಯದೆ ಅದರ ಕಾಲುಗಳ ನಡುವಿನ ಖಾಲಿ ಜಾಗದ ಆಕಾರಗಳನ್ನಷ್ಟೇ ಬರೆಯಿರಿ ಎಂದು ಹೇಳುವ ಅಭ್ಯಾಸ ಬಹಳ ಕಡೆ ಇದೆ. ಕುರ್ಚಿ ಹೇಗಿರುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ ಅದನ್ನು ನೋಡದೆಯೇ ಬರೆದುಬಿಡುತ್ತೇವೆ. ಖಾಲಿ ಜಾಗದ ಆಕಾರ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ನೋಡಲೇಬೇಕಾಗುತ್ತದೆ. ಈ ರೂಢಿ ಬಂದವರು ಕ್ಯಾಮೆರಾ ಹಿಡಿದಾಗ ವ್ಯಕ್ತಿಯ ಮುಖವನ್ನು ಮಾತ್ರವಲ್ಲ, ಮುಖಕ್ಕೂ ಚೌಕಟ್ಟಿನ ಅಂಚಿಗೂ ನಡುವೆ ಉಳಿದ ಜಾಗವನ್ನೂ ಗಮನಿಸುತ್ತಾರೆ.

ಹೀಗೆ ಎಲ್ಲರಿಗೂ ಒಂದೇ ಬುನಾದಿ ಹಾಕುವ ಕ್ರಮಕ್ಕೆ ನೂರು ವರ್ಷಗಳ ಇತಿಹಾಸವಿದೆ. 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಆರಂಭವಾದ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಅಧ್ಯಾಪಕ ಯೋಹಾನೆಸ್ ಇಟೆನ್ ಒಂದು ಪ್ರಾರಂಭಿಕ ಕೋರ್ಸನ್ನು ರೂಪಿಸಿದರು. ಮುಂದೆ ಮರಗೆಲಸವನ್ನೇ ಆರಿಸಿಕೊಳ್ಳಲಿ, ನೇಯ್ಗೆಯನ್ನೇ ಆರಿಸಿಕೊಳ್ಳಲಿ, ವಿದ್ಯಾರ್ಥಿಗಳು ಮೊದಲು ಅದನ್ನು ದಾಟಿ ಬರಬೇಕಿತ್ತು. ನಂತರ ಅದನ್ನು ಕಲಿಸಿದ ಯೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳಿಗೆ ಹಳೆಯ ಸುದ್ದಿಪತ್ರಿಕೆಗಳನ್ನು ಕೊಟ್ಟು, ಸಾಮಗ್ರಿಯನ್ನು ವ್ಯರ್ಥಮಾಡದೆ ಅದರಿಂದ ಏನನ್ನಾದರೂ ಮಾಡಿ ಎಂದು ಹೇಳುತ್ತಿದ್ದರು. ಕೋಟೆ, ವಿಮಾನಗಳನ್ನು ಮಾಡಿದವರಿಗಿಂತ, ಹಾಳೆಯನ್ನು ಉದ್ದಕ್ಕೆ ಮಡಚಿ ನಿಲ್ಲಿಸಿದವರ ಕೆಲಸ ಅವರಿಗೆ ಹೆಚ್ಚು ಮೆಚ್ಚುಗೆಯಾಯಿತು ಎಂದು ಅವರ ವಿದ್ಯಾರ್ಥಿಯೊಬ್ಬರು ನೆನಪಿಸಿಕೊಂಡಿದ್ದಾರೆ. ಕಾಗದ ತಾನಾಗಿ ಏನನ್ನು ಮಾಡಬಲ್ಲದು ಎಂಬುದನ್ನು ಕಂಡುಕೊಳ್ಳುವುದೇ ಅಲ್ಲಿ ಪಾಠವಾಗಿತ್ತು. ಬೆಳಕಿನ ಬಗ್ಗೆ, ಧ್ವನಿಯ ಬಗ್ಗೆ ನೀವು ಮುಂದೆ ಕೇಳಬೇಕಾದ ಪ್ರಶ್ನೆಯೂ ಇದೇ.

ಪ್ರಶ್ನೆ: ಸಂಕಲನದ ತಂತ್ರಾಂಶವನ್ನು ಮನೆಯಲ್ಲೇ ಕುಳಿತು ಕೆಲವು ತಿಂಗಳಲ್ಲಿ ಕಲಿಯಬಹುದು. ಈಗಂತೂ ವಾಕ್ಯ ಬರೆದುಕೊಟ್ಟರೆ ಚಿತ್ರವನ್ನೇ ತಯಾರಿಸಿಕೊಡುವ ತಂತ್ರಾಂಶಗಳೂ ಬಂದಿವೆ. ಹೀಗಿರುವಾಗ ವರ್ಷಗಟ್ಟಲೆ ವಿಶ್ವವಿದ್ಯಾಲಯದಲ್ಲಿ ಓದುವ ಅಗತ್ಯವಿದೆಯೇ?

ಉತ್ತರ: ತಂತ್ರಾಂಶ ಕಲಿಯುವುದಷ್ಟೇ ಉದ್ದೇಶವಾಗಿದ್ದರೆ ಅಗತ್ಯವಿಲ್ಲ, ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಉಪಕರಣಗಳು ಬದಲಾಗುತ್ತಲೇ ಇರುತ್ತವೆ. 1960ರ ದಶಕದ ಉತ್ತರಾರ್ಧದಲ್ಲಿ ಒಬ್ಬರೇ ಹೊತ್ತು ತಿರುಗಬಹುದಾದ ಸೋನಿ ಪೋರ್ಟಪ್ಯಾಕ್ ವಿಡಿಯೊ ಉಪಕರಣ ಬಂದಾಗ ಕಲಾವಿದರಿಗೆ ಹೊಸದೊಂದು ಮಾಧ್ಯಮವೇ ದೊರಕಿತು. ಇಂದು ಆ ಉಪಕರಣ ವಸ್ತುಸಂಗ್ರಹಾಲಯ ಸೇರಿದೆ, ಆದರೆ ಆಗ ಹುಟ್ಟಿದ ವಿಡಿಯೊ ಕಲೆ ಉಳಿದಿದೆ.

ಉಳಿಯುವಂಥದ್ದು ಏನೆಂಬುದಕ್ಕೆ ಸಂಕಲನದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೊವ್ ಸುಮಾರು ನೂರು ವರ್ಷಗಳ ಹಿಂದೆ ನಟನೊಬ್ಬನ ಒಂದೇ ಮುಖಭಾವದ ಚಿತ್ರಿಕೆಯನ್ನು (ಶಾಟ್) ಬೇರೆ ಬೇರೆ ಚಿತ್ರಿಕೆಗಳ ಪಕ್ಕದಲ್ಲಿ ಜೋಡಿಸಿ ತೋರಿಸಿದರು. ಸೂಪಿನ ಬಟ್ಟಲಿನ ಪಕ್ಕದಲ್ಲಿ ಆ ಮುಖ ಹಸಿದಂತೆಯೂ, ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖಿಸಿದಂತೆಯೂ ಕಾಣುತ್ತದೆ. ಮುಖ ಬದಲಾಗಿಲ್ಲ, ನೆರೆಯ ಚಿತ್ರ ಬದಲಾಗಿದೆ. ಇದನ್ನು ಓದಿ ತಿಳಿಯುವುದು ಸುಲಭ. ನೀವೇ ಚಿತ್ರೀಕರಿಸಿದ ದೃಶ್ಯದಲ್ಲಿ ಬಾಗಿಲು ತೆರೆಯುವ ಕ್ಷಣಕ್ಕಿಂತ ಎಷ್ಟು ಮೊದಲು ಕತ್ತರಿಸಬೇಕು ಎಂದು ನಿರ್ಧರಿಸುವುದು ಕಷ್ಟ. ಸೆಕೆಂಡಿಗೆ 24 ಫ್ರೇಮುಗಳು ಓಡುವ ಚಿತ್ರದಲ್ಲಿ ಎರಡು ಫ್ರೇಮೆಂದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಅಷ್ಟು ಕಡಿಮೆ ಮಾಡಿದಾಗ ಒಳಬರುವ ವ್ಯಕ್ತಿ ಅವಸರದಲ್ಲಿರುವಂತೆ ಕಾಣಬಹುದು. ಬಾಗಿಲಿನ ಶಬ್ದವನ್ನು ದೃಶ್ಯಕ್ಕಿಂತ ತುಸು ಮೊದಲೇ ಕೇಳಿಸಿದರೆ ನೋಡುಗರು ಅವರಿಗಾಗಿ ಕಾಯತೊಡಗಬಹುದು. ಯಾವುದು ನಿಮ್ಮ ಕಥೆಗೆ ಸರಿ ಎಂಬ ವಿವೇಚನೆ, ಹಲವು ಬಗೆಯಲ್ಲಿ ಜೋಡಿಸಿ, ಬಲ್ಲವರ ಮುಂದೆ ತೋರಿಸಿ, ಮತ್ತೆ ಬಿಚ್ಚಿ ಜೋಡಿಸಿದಾಗ ಮಾತ್ರ ಬರುತ್ತದೆ. ತಾನಾಗಿ ಚಿತ್ರ ತಯಾರಿಸುವ ತಂತ್ರಾಂಶ ನಿಮ್ಮ ಮುಂದೆ ನೂರು ಚಿತ್ರಗಳನ್ನಿಟ್ಟಾಗಲೂ ಬೇಕಾಗುವುದು ಇದೇ ವಿವೇಚನೆ. ಅದನ್ನು ಬೆಳೆಸಲು ಸಮಯ, ಸಹಪಾಠಿಗಳು, ಸ್ಟುಡಿಯೊ, ಕಲೆಯ ಇತಿಹಾಸದ ಪರಿಚಯ ಇವೆಲ್ಲ ಒಂದೆಡೆ ಸಿಗುವ ಜಾಗ ಎಂಬ ಕಾರಣಕ್ಕೆ ನಾನು ಪದವಿಯ ಪರವಾಗಿದ್ದೇನೆ.

ಪ್ರಶ್ನೆ: ನಾನು ಎರಡನೆಯ ವರ್ಷದ ವಿದ್ಯಾರ್ಥಿನಿ. ಪ್ರತಿ ಕೆಲಸ ಮುಗಿದಾಗಲೂ ತರಗತಿಯಲ್ಲಿ ವಿಮರ್ಶೆ ನಡೆಯುತ್ತದೆ. ಎಲ್ಲರೆದುರು ನನ್ನ ಕೆಲಸದ ಲೋಪಗಳನ್ನು ಹೇಳಿದಾಗ ಮನಸ್ಸು ಕುಗ್ಗುತ್ತದೆ, ಮುಂದಿನ ಕೆಲಸಕ್ಕೆ ಕೈ ಹಾಕಲು ಭಯವಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೂ ಈ ಅವಧಿಯನ್ನು ತಪ್ಪಿಸಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ, ಇಡೀ ಪದವಿಯಲ್ಲಿ ಇದಕ್ಕಿಂತ ಬೆಲೆಯುಳ್ಳ ತರಗತಿ ಇನ್ನೊಂದಿಲ್ಲ. ಮುಂದಿನ ಸಲ ನಿಮ್ಮ ಕೆಲಸವನ್ನು ತೋರಿಸಿದ ಕೂಡಲೇ ವಿವರಣೆ ಕೊಡಬೇಡಿ. ಇಲ್ಲಿ ನಿಮಗೆ ಏನು ಕಾಣುತ್ತಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದಷ್ಟೇ ಕೇಳಿ, ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತುಗಳನ್ನು ಬರೆದುಕೊಳ್ಳುವ ಅಗತ್ಯವಿಲ್ಲ. ಒಬ್ಬ ಮಹಿಳೆ ಪತ್ರ ಓದಿ ಅಳುವ ಕಿರುಚಿತ್ರವನ್ನು ನೀವು ಮಾಡಿದ್ದೀರಿ ಎನ್ನೋಣ. ಆ ಪತ್ರ ಅವಳ ತಮ್ಮನದು ಎಂದು ನಿಮಗೆ ಗೊತ್ತು, ಆದರೆ ನೋಡಿದವರೆಲ್ಲ ಅದು ಗಂಡನದು ಎಂದುಕೊಂಡರೆ, ಚಿತ್ರದೊಳಗೆ ಏನೋ ಬಿಟ್ಟುಹೋಗಿದೆ ಎಂಬುದು ಯಾರೂ ದೂಷಿಸದೆಯೇ ನಿಮಗೆ ತಿಳಿಯುತ್ತದೆ. ಹೇಳಿದ್ದನ್ನೆಲ್ಲ ಅಂದೇ ತಿದ್ದಲು ಹೊರಡಬೇಡಿ. ಒಂದು ದಿನ ಬಿಟ್ಟು ನೋಟ್‌ಬುಕ್ ತೆರೆದು, ಎರಡು ಮೂರು ಮಂದಿ ಬೇರೆ ಬೇರೆಯಾಗಿ ಹೇಳಿದ ಒಂದೇ ಮಾತಿನಿಂದ ಆರಂಭಿಸಿ.

ಆದರೆ ಕೆಲಸವನ್ನು ಬಿಟ್ಟು ನಿಮ್ಮ ರೂಪ, ಭಾಷೆ, ಮನೆತನಗಳ ಬಗ್ಗೆ ಯಾರಾದರೂ ಮಾತನಾಡಿದರೆ ಅದು ವಿಮರ್ಶೆಯಲ್ಲ. ಹಾಗೆ ಮಾತನಾಡಿದವರು ಅಧ್ಯಾಪಕರೇ ಆಗಿದ್ದರೂ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ.

ಪ್ರಶ್ನೆ: ಪ್ರವೇಶಕ್ಕೆ ಪೋರ್ಟ್‌ಫೋಲಿಯೊ, ಅಂದರೆ ನಾನು ಮಾಡಿದ ಕೆಲಸಗಳ ಸಂಗ್ರಹ, ಕೇಳಿದ್ದಾರೆ. ಹೆಚ್ಚು ಕೆಲಸಗಳನ್ನು ಸೇರಿಸಿದಷ್ಟೂ ಒಳ್ಳೆಯದೇ?

ಉತ್ತರ: ಅಲ್ಲ. ಸಂಸ್ಥೆ ಹೇಳಿದ ಸಂಖ್ಯೆಯನ್ನು ಮೀರಬೇಡಿ, ಸಂಖ್ಯೆ ತುಂಬಿಸಲೆಂದು ದುರ್ಬಲ ಕೆಲಸವನ್ನು ಸೇರಿಸಬೇಡಿ. ಪ್ರಸಿದ್ಧ ಚಿತ್ರಗಳ ನಕಲಿಗಿಂತ, ನಿಮ್ಮ ಒಂದು ಕೆಲಸ ಕರಡಿನಿಂದ ಕೊನೆಯ ರೂಪದವರೆಗೆ ಹೇಗೆ ಬದಲಾಯಿತು ಎಂದು ತೋರಿಸುವ ಪುಟಗಳು ಆಯ್ಕೆ ಮಾಡುವವರಿಗೆ ಹೆಚ್ಚು ಹೇಳುತ್ತವೆ.

ಪ್ರಶ್ನೆ: ನಮ್ಮ ಮಗಳು ಈ ಪದವಿಗೇ ಸೇರುತ್ತೇನೆ ಎನ್ನುತ್ತಿದ್ದಾಳೆ. ಉದ್ಯೋಗ ಸಿಗುತ್ತದೆಯೇ ಎಂಬ ಚಿಂತೆ ನಮ್ಮದು.

ಉತ್ತರ: ನಿಮ್ಮ ಚಿಂತೆ ಸಹಜವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಂಕಲನ, ಅನಿಮೇಷನ್, ಧ್ವನಿವಿನ್ಯಾಸ, ಪುಸ್ತಕ ಮತ್ತು ಜಾಲತಾಣಗಳ ವಿನ್ಯಾಸ, ಆಟಗಳ ದೃಶ್ಯವಿನ್ಯಾಸ, ವಸ್ತುಸಂಗ್ರಹಾಲಯ ಹಾಗೂ ಶಿಕ್ಷಣ ಕ್ಷೇತ್ರಗಳಲ್ಲಿ ಕೆಲಸಗಳಿವೆ, ಆದರೆ ಇವುಗಳಲ್ಲಿ ಹಲವು ತಿಂಗಳ ಸಂಬಳದವಲ್ಲ, ಒಂದೊಂದು ಯೋಜನೆಗೆ ಒಪ್ಪಿಕೊಳ್ಳುವಂಥವು. ಮೊದಲ ಕೆಲವು ವರ್ಷ ಆದಾಯ ಏರುಪೇರಾಗಬಹುದು. ಪದವಿಪತ್ರಕ್ಕಿಂತ ಮಾಡಿದ ಕೆಲಸವನ್ನೇ ಕೇಳಿ ನೋಡುವ ಕ್ಷೇತ್ರವಿದು. ಆದ್ದರಿಂದ ಸಂಸ್ಥೆಯನ್ನು ಆರಿಸುವಾಗ ಕಟ್ಟಡವನ್ನೂ ಕ್ಯಾಮೆರಾಗಳ ಪಟ್ಟಿಯನ್ನೂ ನೋಡಿ ತೃಪ್ತರಾಗಬೇಡಿ. ಆ ಕ್ಯಾಮೆರಾಗಳನ್ನು ವಿದ್ಯಾರ್ಥಿಗಳು ಎಷ್ಟು ದಿನಕ್ಕೆ ಪಡೆಯಬಹುದು, ಸ್ಟುಡಿಯೊ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಒಬ್ಬ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ವಿಚಾರಿಸಿ. ಸಾಧ್ಯವಾದರೆ ಅಂತಿಮ ವರ್ಷದವರ ಪ್ರದರ್ಶನಕ್ಕೆ ಮಗಳೊಂದಿಗೆ ನೀವೂ ಹೋಗಿ. ಅಲ್ಲಿನ ಕೆಲಸಗಳೆಲ್ಲ ಒಬ್ಬರೇ ಮಾಡಿದಂತೆ ಕಂಡರೆ ಬೇರೆ ಸಂಸ್ಥೆಯನ್ನು ಹುಡುಕಿ. ಒಂದಕ್ಕೊಂದು ಹೋಲದಿದ್ದರೆ, ಅಲ್ಲಿರುವ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಮಗಳ ಅರ್ಜಿಯನ್ನು ಅಲ್ಲಿಗೆ ಹಾಕಿಸಿ.